ಹನ್ನೊಂದನೆಯ ತೂತು

ಅವಳ ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಅದರ ಹಿಂದೆಯೇ ಅಕ್ಕಸಾಲಿ ತಾತನೂ ಬಂದರು.

“ಕೇಳೋಕೆ ನಾಲಿಗೆ ಏಳಲ್ಲಮ್ಮ. ನಿನ್ನ ಗಂಡ ನನ್ನ ತಂತಿ ಪಟ್ಟಿ ಒಯ್ದಿದ್ದ. ನಾಳೆ ಒಂದು ಸರ ಕೊಡಬೇಕು. ಅದಿಲ್ಲದಿದ್ರೆ ಕೈ ಕಟ್ಟಿದ ಹಾಗೆ.”

“ಸಂಜೆಗೆ ತಂದುಕೊಡ್ತೀನಿ, ತಾತ.”

ಗೇಣುದ್ದದ ಉಕ್ಕಿನ ಪಟ್ಟಿ. ಅದರಲ್ಲಿ ಒಂದಕ್ಕಿಂತ ಒಂದು ಸಣ್ಣದಾದ ಹನ್ನೊಂದು ತೂತು. ಕಡ್ಡಿಯನ್ನು ಒಂದೊಂದರಲ್ಲೂ ತೂರಿಸಿ ಎಳೆದರೆ ತಂತಿಯಾಗುತ್ತದೆ. ಅರವತ್ತು ವರ್ಷದಿಂದ ಊರು ತಾಮ್ರದ ಅದಿರನ್ನು ಅಗೆದು ಹಡಗಿಗೆ ತುಂಬುತ್ತಿತ್ತು. ತಂತಿಯನ್ನು ಅದೇ ಹಡಗಿನಿಂದ ಕೊಳ್ಳುತ್ತಿತ್ತು. ಈಗ ಊರಿಗೇ ಅದಿರು ಕರಗಿಸುವ ಕುಲುಮೆ ಬಂದಿತ್ತು. ತಂತಿ ಎಳೆಯುವ ಯಂತ್ರ ಬರುವ ಮೊದಲೇ ನಮ್ಮ ತಾಮ್ರದಿಂದ ಎರಡು ಮಾರು ತಂತಿ ಎಳೆದು ತೋರಿಸುತ್ತೇನೆಂದು ಕುಲುಮೆಯ ಮೇಸ್ತ್ರಿಯಾಗಿದ್ದ ಅವಳ ಗಂಡ ಎಲ್ಲರೆದುರು ಜಂಬ ಕೊಚ್ಚಿದ್ದ. ಅಷ್ಟರಲ್ಲಿ ಎದೆ ಕೈಕೊಟ್ಟಿತು.

ಅವಳು ಹೋಗಿ ಪಟ್ಟಿ ಕೇಳಿದಾಗ ಕುಲುಮೆಯ ಉಗ್ರಾಣದ ಗುಮಾಸ್ತರು ತಲೆ ಕೆರೆದುಕೊಂಡರು. “ಅದನ್ನ ತಂತಿ ಸಮೇತ ಪೆಟ್ಟಿಗೆಗೆ ಹಾಕಿ ಬಂದರಿನ ಲಾರಿಗೆ ಏರಿಸಿಬಿಟ್ನಲ್ಲ, ತಂಗಿ.”

“ಯಾಕಣ್ಣ?”

“ಯಾಕೆ ಅಂದ್ರೆ? ಇಲ್ಲಿಂದ ತಾಮ್ರ ಇನ್ನೆಲ್ಲಿಗೆ ಹೋಗುತ್ತೆ?”

ಮೂವತ್ತು ವರ್ಷ ತಾಮ್ರ ಕಂಡಲ್ಲೆಲ್ಲ ರವಾನೆ ಚೀಟಿ ಅಂಟಿಸಿದ ಕೈ ಅದು.

ಅವಳು ಬಂದರಿಗೆ ಓಡಿದಾಗ ಲಾರಿ ಇನ್ನೂ ತೂಕದ ಸಾಲಿನಲ್ಲಿ ಮೂರನೆಯದಾಗಿ ನಿಂತಿತ್ತು.

“ಚೀಟಿ ಅಂಟಿದ್ದು ಕೆಳಗಿಳಿದಿದ್ದು ನಾನಂತೂ ನೋಡಿಲ್ಲ,” ಅಂದ ಚಾಲಕ.

“ಇವತ್ತು ನೋಡಿ,” ಎಂದು ಅವಳು ಪೆಟ್ಟಿಗೆ ಎಳೆದುಕೊಂಡಳು.

ಮನೆಯಲ್ಲಿ ತೆರೆದರೆ, ತಂತಿ ಹನ್ನೊಂದನೆಯ ತೂತಿನಲ್ಲಿ ಸಿಕ್ಕಿಕೊಂಡಿತ್ತು.

“ಕತ್ತರಿಸಿ ಕೊಟ್ಟುಬಿಡೇ,” ಅಂದರು ಅತ್ತೆ.

ಅವಳು ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರ ಓದಿದವಳು. ಎಳೆದಷ್ಟೂ ತಾಮ್ರ ಸೆಟೆದುಕೊಳ್ಳುತ್ತದೆ. ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಕೇಳಿದ್ದರೆ ಹೇಳುತ್ತಿದ್ದಳು. ಹೆಂಡತಿಯನ್ನು ಕೇಳುವ ಪೈಕಿಯಲ್ಲ ಅವನು.

ತುದಿಯನ್ನು ಹಿಂದಕ್ಕೆ ಬಿಡಿಸಿ, ಸುರುಳಿಯನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ಬಕೆಟ್ಟಿನಲ್ಲಿ ಅದ್ದಿದಳು. ಅತ್ತೆ ಪಟ್ಟಿಯನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದರು. ತೂತಿನಲ್ಲಿ ಮತ್ತೆ ತೂರಿಸಿದ ತುದಿಯನ್ನು ಇಕ್ಕಳದಿಂದ ಕಚ್ಚಿ ಹಿಡಿದು ಅವಳು ಹಿಂದೆ ಹಿಂದೆ ನಡೆದಳು. ಅಡುಗೆಮನೆ ದಾಟಿತು, ಹೊಸ್ತಿಲು ದಾಟಿತು. ಬೀದಿಯಲ್ಲಿ ತಂತಿ ಪೂರ್ತಿಯಾಗಿ ತೂತಿನಿಂದ ಪಟ್ಟೆಂದು ಕಳಚಿ ಅವಳನ್ನು ನೆಲಕ್ಕೆ ಕೂರಿಸಿತು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನೀರು ಬಂತು. ಅಂಗೈ ತರಚಿದ್ದು ನೆಪವಾಯಿತು.

ಸಂಜೆ ತಾತ ಕೊನೆಯ ತೂತನ್ನು ಉಗುರಿನಿಂದ ಸವರಿ ನೋಡಿದರು.

“ಪೂರ್ತಿ ಬಂತಾ?”

“ಬಂತು.”

“ಎಲ್ಲಿ, ನೋಡೋಣ.”

“ಅತ್ತೆ ಅದನ್ನ ಹಿತ್ತಲಲ್ಲಿ ಕಟ್ಟಿ ಮಗನ ಅಂಗಿ ಒಣಹಾಕಿದ್ದಾರೆ,” ಎಂದು ಅವಳು ಪಟ್ಟಿಯಿಂದ ಕೈ ತೆಗೆದಳು.