ಊಟಕ್ಕೆ ಜೊತೆ ಯಾರು?

“ಗುಟುಕು ಚಹಾ ನುಂಗಲಿಕ್ಕಾಗದಿದ್ರೆ ಮನೇಲಿ ಬಿದ್ಕೊಳ್ಳಿ. ಗಲ್ಲೆ ಮೇಲೆ ಹೀಗೆ ಉಗುಳ್ತಾ ಕೂತ್ರೆ ಇಲ್ಲಿ ಯಾರು ತಿಂತಾರೆ?”

ಕನ್ನಡದಲ್ಲಿ ಬೈದಿದ್ದರೆ ಮನೆಯೊಳಗಿನ ಮಾತಾಗುತ್ತಿತ್ತು. ಕನ್ನಡ ಬಾರದ ಗಿರಾಕಿಗಳಿಗೂ ತಿಳಿಯಲಿ ಎಂದೇ ಗುರುಕಿರಣ ಅಪ್ಪನಿಗೆ ಹಿಂದಿಯಲ್ಲಿ ಬೈದಿದ್ದ. ಫತೇಗಂಜಿನ ಆ ಸಣ್ಣ ಉಡುಪಿ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದ ಕಾಲೇಜು ಹುಡುಗರು ತಲೆ ತಗ್ಗಿಸಿದರು. ಅಪ್ಪ ಜಯತೀರ್ಥರು ಕೆಮ್ಮುತ್ತಲೇ ದುಡ್ಡಿನ ಗಲ್ಲೆಯನ್ನು ಒರೆಸಿ ಮಹಡಿ ಹತ್ತಿದರು. ಮತ್ತೆ ಇಳಿಯಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅಡುಗೆಯವ ಓಡಿಹೋದನೆಂದು ಗುರುಕಿರಣನನ್ನು ಶಾಲೆ ಬಿಡಿಸಿ ಒಲೆಯ ಮುಂದೆ ನಿಲ್ಲಿಸಿದವರು ಇದೇ ಅಪ್ಪಯ್ಯ. ಅವತ್ತಿನಿಂದ ಕುದಿಯುತ್ತಿದ್ದದ್ದು ಈಗ ಪಾರ್ಕಿನ್ಸನ್ ಹಿಡಿದ ಮುದುಕನ ಮೇಲೆ ಚೆಲ್ಲಿತ್ತು. ಚೆಲ್ಲಿದ ಮೇಲೆ ಹಗುರಾಗಬೇಕಿತ್ತು. ಹಾಳಾದ್ದು, ಆಗಲಿಲ್ಲ.

ಅಮ್ಮ ಅಕ್ಕನ ಬಾಣಂತನಕ್ಕೆ ಸೂರತ್‌ಗೆ ಹೋಗಿದ್ದಳು. ಅಪ್ಪಯ್ಯ ಒಬ್ಬರೇ ಉಣ್ಣಬಾರದು, ಗಂಟಲಲ್ಲಿ ಸಿಕ್ಕಿಕೊಂಡರೆ ಕಷ್ಟ, ಪಕ್ಕದಲ್ಲೇ ಕೂತಿರು ಎಂದು ಅವನಿಗೆ ಹೇಳಿಯೇ ಹೋಗಿದ್ದಳು. ಆದರೆ ಆ ಮುಖ ನೋಡುವ ಧೈರ್ಯ ಸಾಲದೆ ಅವನು ಸಪ್ಲೈಯರ್ ಕೈಯಲ್ಲಿ ಗಂಜಿ ಕಳಿಸಿ ಸುಮ್ಮನಾಗುತ್ತಿದ್ದ. ಸಪ್ಲೈಯರ್ ಬಟ್ಟಲಿಟ್ಟು ಓಡಿ ಬರುತ್ತಿದ್ದ.

ಆ ವಾರ ಅಹಮದಾಬಾದಿನಿಂದ ಥೆರಪಿಸ್ಟ್ ರಜನಿಬೆನ್ ಫೋನ್ ಮಾಡಿದರು. ನುಂಗುವ ವ್ಯಾಯಾಮಕ್ಕೆಂದು ಅಪ್ಪನ ಮೊಬೈಲಿಗೆ ಆಪ್ ಹಾಕಿಕೊಟ್ಟವರು ಅವರೇ. ಪ್ರತಿ ಊಟಕ್ಕೂ ಮಗ ಜೊತೆಗಿದ್ದಾನೆ ಎಂದು ಅದರಲ್ಲಿ ಬರುತ್ತಿದೆ, ಇಂಥ ಮಗ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಹೊಗಳಿದರು.

ಗುರುಕಿರಣ ಸೌಟು ಬಿಸಾಕಿ ಮಹಡಿಗೆ ಓಡಿದ.

ಜಯತೀರ್ಥರು ಗೋಡೆಗೆ ಮುಖ ಮಾಡಿ ಕೂತಿದ್ದರು. ಆಪ್ ಕಲಿಸಿದಂತೆ ಗದ್ದವನ್ನು ಎದೆಗೆ ತಗ್ಗಿಸಿ ಅರ್ಧ ಚಮಚ ಗಂಜಿ ನುಂಗಿದರು. ಕಾದರು, ಕೆಮ್ಮು ಬರಲಿಲ್ಲ. ಪಕ್ಕದಲ್ಲಿದ್ದ ಮೊಬೈಲು, ಊಟಕ್ಕೆ ಜೊತೆ ಯಾರಿದ್ದಾರೆ ಎಂದು ಕೇಳುತ್ತಿತ್ತು. ನಡುಗುವ ಬೆರಳು ಗುರಿ ತಪ್ಪಿ, ತಪ್ಪಿ, ಕೊನೆಗೆ ‘ಮಗ’ ಎಂಬುದನ್ನು ಒತ್ತಿತು.

ಅವನು ಹೋಗಿ ಮಂಚದ ತುದಿಯಲ್ಲಿ ಕೂತ. ಅಪ್ಪ ಬೆಚ್ಚಿದರು. ಸಾವರಿಸಿಕೊಂಡು ಮತ್ತೆ ಚಮಚ ಎತ್ತಿದರು. ಬಟ್ಟಲು ಖಾಲಿಯಾಗುವವರೆಗೂ ಅವನು ಆ ಗಂಟಲನ್ನೇ ನೋಡಿದ.

ಬಾಯಿ ಒರೆಸಿಕೊಂಡು ಜಯತೀರ್ಥರು ಸಣ್ಣ ದನಿಯಲ್ಲಿ ಕೇಳಿದರು: “ಮಗಾ, ನಾಳೆ ಕೆಳಗೆ ಬಂದು ಉಣ್ಲಾ? ಹಿಂದೆ ಪಾತ್ರೆ ತೊಳೆಯುವಲ್ಲಿ ಕೂತ್ಕೊಳ್ತೇನೆ. ಯಾರಿಗೂ ಕಾಣುದಿಲ್ಲ.”

ಗುರುಕಿರಣ ಬಟ್ಟಲು ಎತ್ತಿಕೊಂಡ. ಮೆಟ್ಟಿಲಿಳಿದು ಹೋಗಿ, ಗಲ್ಲೆಯ ಪಕ್ಕದ ಮೇಜಿಗೆ ಎರಡು ಕುರ್ಚಿ ಎಳೆದಿಟ್ಟ.