ಸಾಕ್ಷಿ ಹೇಳಿದ ಮೇಲೆ ಗುಳಿಗೆ ನುಂಗಬಹುದೇ?

ಮೋಟೆಬೆನ್ನೂರಿನ ಹೊಳಿಯವ್ವನಿಗೆ ಪ್ರಶ್ನೆ ಕೇಳುವ ಚಟ. ಬಸ್ಸು ಹತ್ತಿದರೆ ಕಂಡಕ್ಟರನ ಮಕ್ಕಳು ಎಷ್ಟನೇ ಇಯತ್ತೆ ಎಂದು ವಿಚಾರಿಸುತ್ತಾಳೆ. ಸಂತೆಗೆ ಹೋದರೆ ಬದನೆಕಾಯಿಯೊಳಗೆ ಹುಳ ಎಲ್ಲಿಂದ ಹೊಕ್ಕಿತು ಎಂದು ಕೇಳಿ ಕೇಳಿ ಮಾರುವವಳ ತಲೆ ತಿನ್ನುತ್ತಾಳೆ, ಕೊನೆಗೆ ಕೊಳ್ಳುವುದು ಮಾತ್ರ ಹಾಗಲಕಾಯಿ. ಅವಳ ಹೆಸರು ಹೊಳೆದಂಡೆಯ ಮೇಡ್ಲೇರಿಯ ತವರಿನದು, ಆರಾಧನೆಗೆ ಹೋಗುವ ಸಭೆ ಗಂಡನ ಮನೆಯದು. ಮದುವೆಯಾಗಿ ಈ ಕ್ರೈಸ್ತ ಮನೆತನಕ್ಕೆ ಬಂದ ಹೊಸದರಲ್ಲಿ ಅತ್ತೆಯನ್ನು, "ನಿಮ್ಮ ದೇವರಿಗೆ ನಮ್ಮ ಕಡೆ ಮಾತು ತಿಳಿತೈತೇನ್ರಿ?" ಎಂದು ಕೇಳಿದ್ದಳು. ಅತ್ತೆ ನಕ್ಕು, "ಮಾತಾಡಿ ನೋಡು" ಎಂದಿದ್ದರು. ಅಂದಿನಿಂದ ಹೊಳಿಯವ್ವ ದೇವರನ್ನೂ ಬಿಟ್ಟವಳಲ್ಲ.

ಇಂಥವಳು ಒಂದು ಸಲ ಮಾತ್ರ ಕೇಳಬೇಕಾದ್ದನ್ನು ಕೇಳಲಿಲ್ಲ.

ಅವಳ ಮಗ ಪ್ರೇಮಕುಮಾರ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳ ಬಾಯಿ ಹೊಲಿಯುತ್ತಾನೆ. ಕೈ ಚುರುಕು, ಮಾತು ಕಡಿಮೆ. ಹಿಂದೊಮ್ಮೆ ಅವನಿಗೆ ಮನಸ್ಸಿನ ಕಾಯಿಲೆ ಬಂದಿತ್ತು. ಯಾರೂ ಇಲ್ಲದ ಕಡೆಯಿಂದ ಬೈಗುಳ ಕೇಳಿಸುತ್ತಿತ್ತು, ಹೆಂಡತಿ ಸುಧಾರಾಣಿ ಹಾಕಿದ ರೊಟ್ಟಿಯಲ್ಲಿ ಏನೋ ಬೆರೆಸಿದ್ದಾರೆ ಎಂಬ ಸಂಶಯ ಬರುತ್ತಿತ್ತು. ಹಾವೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಗುಳಿಗೆ ಕೊಟ್ಟರು. ಸಭೆಯವರು ಉಪವಾಸವಿದ್ದು ಪ್ರಾರ್ಥನೆ ಮಾಡಿದರು. ಬರಬರುತ್ತ ಅವನು ಆರಾಮಾದ. ಮತ್ತೆ ದಬ್ಬಣ ಹಿಡಿದ, ಭಾನುವಾರದ ಆರಾಧನೆಯಲ್ಲಿ ಮತ್ತೆ ಢೋಲಕ್ ಬಾರಿಸಿದ.

ಅವರ ಸಭೆಯಲ್ಲಿ ಒಂದು ಪದ್ಧತಿಯಿದೆ. ದೇವರಿಂದ ಒಳ್ಳೆಯದಾದವರು ಎಲ್ಲರೆದುರು ಎದ್ದು ನಿಂತು ಅದನ್ನು ಹೇಳಬೇಕು. ಅದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ಒಂದು ಭಾನುವಾರ ಹೊಳಿಯವ್ವ ಎದ್ದಳು.

"ನನ್ನ ಮಗಾ ಪೂರಾ ಗುಣಾಗ್ಯಾನ್ರಿ! ದೇವರು ಜಡ್ಡನ್ನ ಬುಡಸಮೇತ ಕಿತ್ತು ಒಗದಾನ. ಇನ್ನ ಡಾಕ್ಟರ್‌ದೂ ಹಂಗಿಲ್ಲ, ಗುಳಿಗಿದೂ ಹಂಗಿಲ್ಲ!"

ಕೊನೆಯ ಮಾತು ಅವಳು ಯೋಚಿಸಿ ಆಡಿದ್ದಲ್ಲ. ಸಂತೋಷದಲ್ಲಿ ನಾಲಿಗೆ ಮುಂದೆ ಓಡಿತ್ತು. ಸಭೆ ಒಂದೇ ದನಿಯಲ್ಲಿ ಆಮೆನ್ ಎಂದಿತು. ಹೊಳಿಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಜಮಖಾನೆಯ ಮೇಲೆ ಕುಳಿತಳು. ಮಗನ ಮುಖ ನೋಡಬೇಕೆಂದು, ಅವನನ್ನೊಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಮೆಣಸಿನಕಾಯಿಯ ಸುಗ್ಗಿ ಬಂತು. ಪ್ರೇಮಕುಮಾರ ಹೊಲಿದ ಚೀಲವನ್ನೇ ಬಿಚ್ಚಿ ಮತ್ತೆ ಹೊಲಿಯತೊಡಗಿದ. ನಿದ್ದೆ ಕಡಿಮೆಯಾಯಿತು. ಸುಧಾರಾಣಿ ಮೊದಲ ತುತ್ತು ತಿಂದರೆ ಮಾತ್ರ ತಾನು ತಿನ್ನುತ್ತಿದ್ದ. ಸಭೆಯಲ್ಲಿ ಢೋಲಕ್ ಮೂಲೆ ಸೇರಿತು. ಒಂದು ದಿನ ಮಾರುಕಟ್ಟೆಯಲ್ಲಿ, ಚೀಲ ಹೊತ್ತು ಸುಮ್ಮನೆ ಹೋಗುತ್ತಿದ್ದ ಹಮಾಲನನ್ನು ತಡೆದು, "ನನ್ನ ಯಾಕ ಬೈಯಾಕತ್ತಿ?" ಎಂದು ಅಳುತ್ತ ನಿಂತ. ಪಾಪ, ಆ ಮನುಷ್ಯ ಬಾಯಿಯನ್ನೇ ತೆರೆದಿರಲಿಲ್ಲ. ಅಂಗಡಿಯ ಮಾಲೀಕರು, "ಅರಾಮಾದ ಮ್ಯಾಲೆ ಬಾರಪಾ" ಎಂದು ಮನೆಗೆ ಕಳಿಸಿದರು.

ಓಣಿಯವರು ಗಾಳಿ ಸೋಕಿದೆ ಎಂದರು. ಸಭೆಯ ಕೆಲವರು, ಮನೆಯವರ ನಂಬಿಕೆ ಕಡಿಮೆಯಾಗಿರಬೇಕು ಎಂದರು. ಈ ಎರಡನೆಯ ಮಾತು ಹೊಳಿಯವ್ವನಿಗೆ ಮುಳ್ಳಿನಂತೆ ನಟ್ಟಿತು. ಮನೆಗೆ ಬಂದು ಸೊಸೆಯನ್ನು ಕೇಳಿದಳು.

"ಖರೇ ಹೇಳವ್ವಾ, ಏನಾಗೈತಿ ಅವಂಗ?"

"ಅತ್ತಿ, ಅವರು ಗುಳಿಗಿ ಬಿಟ್ಟಾರ್ರಿ."

"ಯಾವಾಗಿಂದ?"

ಸುಧಾರಾಣಿ ನೆಲ ನೋಡಿದಳು. "ನೀವು ಸಾಕ್ಷಿ ಹೇಳಿದಾಗಿಂದ. ನಾ ಎಷ್ಟು ಹೇಳಿದ್ರೂ ಕೇಳಲಿಲ್ಲ. ನಿಮ್ಮ ಮುಂದ ಹೇಳಬ್ಯಾಡ ಅಂತ ಆಣಿ ಹಾಕಿದ್ರು."

ಹೊಳಿಯವ್ವ ಮಗನ ಹತ್ತಿರ ಹೋಗಿ ಕುಳಿತಳು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ.

"ಯಾಕ ಬಿಟ್ಟಿಯೋ ಪ್ರೇಮಾ?"

"ನೀ ಎಲ್ಲಾರ ಮುಂದ ಗುಣಾಗ್ಯಾನ ಅಂದಿ. ಆ ಮ್ಯಾಲೆ ನಾ ಗುಳಿಗಿ ನುಂಗಿದ್ರ, ದೇವರ ಮನ್ಯಾಗ ನೀ ಸುಳ್ಳ ಹೇಳಿದಂಗ ಆಗತೈತಿ. ನನ್ನಿಂದ ನಿನ್ನ ಮಾತು ಸುಳ್ಳ ಆಗಬಾರದು ಯವ್ವಾ."

ತಾಯಿಯ ಮಾನ ಉಳಿಸಲು ಮಗ ತನ್ನ ನಿದ್ದೆ, ಊಟ, ಕೆಲಸ ಎಲ್ಲವನ್ನೂ ಬಿಟ್ಟಿದ್ದ. ಅವಳು ಅವನ ಬೆನ್ನಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಅತ್ತಳು. ಆದರೆ, "ಈಗ ನುಂಗೋ" ಎಂದರೆ ಅವನು ಒಪ್ಪಲಿಲ್ಲ. ಅವಳಿಗೂ ಒಳಗೊಳಗೆ ಅಳುಕಿತ್ತು. ಗುಳಿಗೆ ನುಂಗಿದರೆ ದೇವರನ್ನು ನಂಬದಂತೆ ಆಗುವುದಿಲ್ಲವೇ?

ಮರುದಿನ ಆಶಾ ಕಾರ್ಯಕರ್ತೆ ದ್ರಾಕ್ಷಾಯಿಣಿ ಓಣಿಗೆ ಬಂದಾಗ ಹೊಳಿಯವ್ವ ಅವಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಅದನ್ನೇ ಕೇಳಿದಳು.

"ಅದು ನಂಗ ಗೊತ್ತಿಲ್ಲ ಬಿಡ್ರಿ ಅಮ್ಮಾ," ಎಂದಳು ದ್ರಾಕ್ಷಾಯಿಣಿ. "ನಾ ಲಿಂಗಾ ಕಟ್ಟಿದಾಕಿ, ನಿಮ್ಮ ದೇವರ ವಿಚಾರ ನಾ ಹೆಂಗ ಹೇಳ್ಲಿ? ದೇವರ ಮಾತು ನಿಮ್ಮ ಅಯ್ಯನವರನ್ನ ಕೇಳ್ರಿ. ಜಡ್ಡಿನ ಮಾತು ಡಾಕ್ಟರ್‌ನ ಕೇಳ್ರಿ. ಇಬ್ಬರನೂ ಕೇಳದ ಮನ್ಯಾಗ ಕುಂತು ನೀವ ಫೈಸಲಾ ಮಾಡಬ್ಯಾಡ್ರಿ."

"ಅಲ್ಲ, ಅರಾಮ ಆಗಿದ್ನಲ್ಲ! ಅರಾಮಾದವಂಗ ಗುಳಿಗಿ ಯಾಕ ಬೇಕು?"

"ಗುಳಿಗಿ ತಗೊಂಡಿದ್ದಕ್ಕ ಅರಾಮ ಇದ್ದಾ. ತ್ವಾಟಕ್ಕ ಬೇಲಿ ಹಾಕಿದ ಮ್ಯಾಲೆ ದನಾ ಬರಲಿಲ್ಲಂತ ಬೇಲಿ ಕಿತ್ತರ ಏನಾಗತೈತಿ ಹೇಳ್ರಿ?"

ಹೊಳಿಯವ್ವನಿಗೆ ಉತ್ತರ ಅರ್ಧ ಹಿಡಿಸಿತು. ಉಳಿದರ್ಧಕ್ಕಾಗಿ ಬ್ಯಾಡಗಿಯ ಬಸ್ಸು ಹತ್ತಿದಳು.

ಸಭೆಯ ಪಾಸ್ಟರ್ ಯುವರಾಜ ಅಯ್ಯನವರು ಆಗ ಪ್ರಾರ್ಥನಾ ಮಂದಿರದಲ್ಲಿ ಮೈಕಿನ ವೈರು ಬಿಚ್ಚಿಕೊಂಡು ಕುಳಿತಿದ್ದರು. ಹೊಳಿಯವ್ವ ನಮಸ್ಕಾರ ಹೇಳಿದವಳೇ ಶುರು ಮಾಡಿದಳು.

"ಅಯ್ಯನವರ, ಯೇಸುಸ್ವಾಮಿ ಒಬ್ಬ ಹುಟ್ಟುಗುರುಡನ ಕಣ್ಣಿಗೆ ಕೆಸರು ಹಚ್ಚಿದ ಅಂತ ನೀವ ಹೇಳೀರಿ. ಖರೇ ಅಲ್ರಿ?"

"ಖರೇ ಐತಿ."

"ಬಾಯಿಮಾತಿಲೇ ಸತ್ತವರನ್ನ ಎಬ್ಬಿಸಿದಾತಗ ಕೆಸರು ಯಾಕ ಬೇಕಾಗಿತ್ರಿ?"

ಅಯ್ಯನವರ ಕೈಯಲ್ಲಿದ್ದ ವೈರು ಅಲ್ಲೇ ನಿಂತಿತು. ಅವರಿಗೆ ನಗು ಬಂತು, ಆಮೇಲೆ ನಗು ನಿಂತೂ ಹೋಯಿತು.

"ಈ ಕತಿ ನಾ ಭಾಳ ಸಲ ಬೋಧಿಸೇನವ್ವಾ. ಕೆಸರು ಯಾಕ ಅಂತ ಯಾರೂ ಕೇಳಿದ್ದಿಲ್ಲ. ನಾನೂ ಕೇಳ್ಕೊಂಡಿದ್ದಿಲ್ಲ." ವೈರು ಕೆಳಗಿಟ್ಟು ಹೇಳಿದರು, "ಬರೇ ಕೆಸರು ಹಚ್ಚಲಿಲ್ಲ. ಕೊಳಕ್ಕ ಹೋಗಿ ತೊಳಕೊಂಡು ಬಾ ಅಂತ ಕಳಿಸಿದ. ಆ ಕುರುಡನೂ 'ನನಗ ನಂಬಿಕಿ ಐತಿ, ಕೊಳದ ತನಕ ಯಾಕ ಹೋಗ್ಲಿ' ಅನ್ನಲಿಲ್ಲ. ತಡವರಿಸಿಕೋತ ಹೋದ, ತೊಳಕೊಂಡ. ಅವನ ನಂಬಿಕಿ ಅವನ ಕಾಲಾಗ ಇತ್ತು."

"ಹಂಗಾರ ನನ್ನ ಮಗಾ ಗುಳಿಗಿ ನುಂಗಿದ್ರ ದೇವರಿಗೆ ಸಿಟ್ಟ ಬರೂದಿಲ್ಲ?"

"ಮಣ್ಣು ಸೃಷ್ಟಿ ಮಾಡಿದಾತನ ಗುಳಿಗಿ ಮಾಡೋ ಬುದ್ಧಿನೂ ಕೊಟ್ಟಾನ. ಅದಕ್ಕ ಯಾಕ ಸಿಟ್ಟ?" ಅಯ್ಯನವರು ದನಿ ತಗ್ಗಿಸಿದರು. "ತಪ್ಪು ನಂದೂ ಐತವ್ವಾ. ಗುಳಿಗಿ ಹಂಗಿಲ್ಲ ಅಂತ ನೀವು ಹೇಳಿದಾಗ ಎಲ್ಲಾರಕಿಂತ ಜೋರಾಗಿ ಆಮೆನ್ ಅಂದಾಂವ ನಾನ. ನಡೀರಿ, ನಾನೂ ಬರ್ತೇನಿ."

ಅಯ್ಯನವರು ಮೋಟೆಬೆನ್ನೂರಿಗೆ ಬಂದರು. ದೆವ್ವ ಬಿಡಿಸುವವರಂತೆ ಕೂಗಿ ಆರ್ಭಟಿಸಲಿಲ್ಲ, ಮಲಗಿದವನ ಮೈ ಹಿಡಿದು ಅಲುಗಿಸಲಿಲ್ಲ. ಪ್ರೇಮಕುಮಾರನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಮೆಲ್ಲಗೆ ಪ್ರಾರ್ಥಿಸಿ ಹೇಳಿದರು, "ಪ್ರೇಮಾ, ನಿಮ್ಮವ್ವನ ಮಾತು ಕಾಯೋ ಕೆಲಸ ನಿಂದಲ್ಲೋ."

"ಮತ್ತ ಸಭೆಯವರು ಏನಂದಾರು?" ಎಂದ ಅವನು.

"ಎಲ್ಲಾರ ಮುಂದ ಎದ್ದು ಹೇಳಿದಾಕಿ ನಾನು," ಎಂದಳು ಹೊಳಿಯವ್ವ. "ಎಲ್ಲಾರ ಮುಂದ ಎದ್ದು ತಿದ್ದಾಕಿನೂ ನಾನ. ನಕ್ಕವರು ನಗಲಿ. ನನಗ ನೀ ಬೇಕು."

ಪ್ರೇಮಕುಮಾರ ಆಸ್ಪತ್ರೆಗೆ ಹೋಗಲು ಎದ್ದು ಅಂಗಿ ತೊಟ್ಟುಕೊಂಡ.

ಹಾವೇರಿಯ ಆಸ್ಪತ್ರೆಯಲ್ಲಿ ಮನೋವೈದ್ಯೆಯ ಎದುರು ಹೊಳಿಯವ್ವ ಪ್ರಶ್ನೆಗಳ ಗಂಟನ್ನೇ ಬಿಚ್ಚಿದಳು.

"ಇದು ದೆವ್ವಾ ಏನ್ರಿ ಡಾಕ್ಟರಮ್ಮಾ?"

"ಇಲ್ರಿ, ಇದು ಮಿದುಳಿನ ಜಡ್ಡು. ಯಾರ ಪಾಪಕ್ಕೂ, ಯಾರ ಶಾಪಕ್ಕೂ ಬಂದದ್ದಲ್ಲ. ಇಲ್ಲದ ಮಾತು ಕೇಳಸ್ತಾವ. ಅವರಿಗೆ ಅವು ಖರೇನ ಕೇಳಸ್ತಾವ, ನಾಟಕ ಅಲ್ಲ."

"ಗುಳಿಗಿ ಚಟಾ ಆಗತೈತೇನ್ರಿ?"

"ಈ ಗುಳಿಗಿ ಚಟಾ ಆಗೂದಿಲ್ಲ. ಆದ್ರ ನಡುವ ಬಿಟ್ರ ಜಡ್ಡು ಹೊಳ್ಳಿ ಬರತೈತಿ. ಎಷ್ಟು ದಿನ ತಗೋಬೇಕು, ಯಾವಾಗ ಕಡಿಮಿ ಮಾಡಬೇಕು, ಅದನ್ನ ನಾವೂ ನೀವೂ ಕೂಡಿ ನೋಡೋಣು."

"ಪ್ರಾರ್ಥನಾ ಬಿಡಬೇಕೇನ್ರಿ?"

"ಯಾಕ ಬಿಡ್ತೀರಿ? ಮನಸಿಗೆ ಬಲ ಕೊಡೋದನ್ನ ಬಿಡಬ್ಯಾಡ್ರಿ. ಗುಳಿಗಿನೂ ಬಿಡಬ್ಯಾಡ್ರಿ. ಉಪವಾಸ ಮಾಡೂದಿದ್ರ ಮಾತ್ರ ನಮ್ಮನ್ನ ಒಂದ ಮಾತು ಕೇಳ್ರಿ." ವೈದ್ಯೆ ಪ್ರೇಮಕುಮಾರನ ಕಡೆ ತಿರುಗಿದರು. "ನೀವು ಏನೂ ಕೇಳಲಿಲ್ಲಲ್ರಿ?"

ಅಲ್ಲಿಯವರೆಗೆ ಎಲ್ಲರೂ ಅವನ ಬಗ್ಗೆ ಕೇಳಿದ್ದರೇ ಹೊರತು ಗುಳಿಗೆ ಹೇಗೆ ಒಗ್ಗುತ್ತದೆ ಎಂದು ಅವನನ್ನೇ ಕೇಳಿರಲಿಲ್ಲ. ಅವನು ತಡೆದು ತಡೆದು ಹೇಳಿದ. "ಗುಳಿಗಿ ತಗೊಂಡ್ರ ಮುಂಜಾನೆ ಮೈ ಭಾರ ಆಗತೈತ್ರಿ. ದಬ್ಬಣ ಹಿಡದ ಕೈ ನಡಗತೈತಿ. ಚೀಲ ಲಗೂ ಲಗೂ ಹೊಲಿಯಾಕ ಆಗೂದಿಲ್ಲ. ಬಿಡಾಕ ಅದೂ ಒಂದು ಕಾರಣ ಆತ್ರಿ."

"ಇದನ್ನ ಮೊದಲ ಹೇಳಬೇಕಿಲ್ಲೋ!" ಎಂದು ಹೊಳಿಯವ್ವ ಬಾಯಿ ಹಾಕಿದಳು. ಸುಧಾರಾಣಿ ಮೆಲ್ಲಗೆ ಅತ್ತೆಯ ಕೈ ಒತ್ತಿದಳು.

"ಈಗ ಹೇಳಿದ್ರಲ್ಲ, ಛಲೋ ಆತು," ಎಂದರು ವೈದ್ಯೆ. "ಗುಳಿಗಿ ಬದಲ ಮಾಡಬಹುದು, ಹೊತ್ತು ಬದಲ ಮಾಡಬಹುದು. ಏನ ತ್ರಾಸ ಆದ್ರೂ ಬಂದು ಹೇಳ್ರಿ. ನೀವಾಗೇ ಬಿಡಬ್ಯಾಡ್ರಿ, ಅಷ್ಟ."

ಗುಳಿಗೆ ನುಂಗಿದ ಮರುದಿನವೇ ಎಲ್ಲ ಸರಿಹೋಯಿತು ಎಂದು ಹೇಳಿದರೆ ಅದೂ ಸುಳ್ಳು ಸಾಕ್ಷಿಯೇ. ಕೆಲವು ದಿನ ಚೆನ್ನಾಗಿದ್ದವು, ಕೆಲವು ಕೆಟ್ಟವು. ಸುಧಾರಾಣಿ ಒಮ್ಮೆ ಬೇಸತ್ತು ಕುಪ್ಪೇಲೂರಿನ ತವರಿಗೆ ಹೋಗಿ ಒಂದಿಷ್ಟು ದಿನ ಇದ್ದು ಬಂದಳು. ಹೊಳಿಯವ್ವ ಅವಳನ್ನು ದೂರಲಿಲ್ಲ. ನೋಡಿಕೊಳ್ಳುವವರಿಗೂ ದಣಿವು ಇರುತ್ತದೆ. ಬರಬರುತ್ತ ಬೈಯುವ ದನಿಗಳು ದೂರವಾದವು. ಪ್ರೇಮಕುಮಾರ ಮೊದಲು ಅರ್ಧ ದಿನ, ಆಮೇಲೆ ಪೂರ್ತಿ ದಿನ ಮಾರುಕಟ್ಟೆಗೆ ಹೋಗತೊಡಗಿದ.

ಆಗ ಒಂದು ಭಾನುವಾರ, ಸಾಕ್ಷಿಯ ಹೊತ್ತಿಗೆ, ಹೊಳಿಯವ್ವ ಎದ್ದು ನಿಂತಳು. ಎಷ್ಟು ಮಾತಾಡುವವಳಿಗೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ. ಬಾಯಿ ತೆರೆಯುವಷ್ಟರಲ್ಲಿ ಗಂಡಸರ ಸಾಲಿನಿಂದ ಪ್ರೇಮಕುಮಾರನೂ ಎದ್ದ.

"ಯವ್ವಾ, ನೀ ಕುಂದ್ರು. ಜಡ್ಡು ನಂದು, ಸಾಕ್ಷಿನೂ ನಂದ."

ಹೊಳಿಯವ್ವ ಕುಳಿತಳು.

"ನಾ ಪೂರಾ ಗುಣಾಗಿಲ್ರಿ," ಎಂದ ಪ್ರೇಮಕುಮಾರ. ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ. "ಅರಾಮ ಅದೇನಿ. ದಿನಾ ಗುಳಿಗಿ ನುಂಗ್ತೇನಿ, ಪ್ರಾರ್ಥನಾ ಮಾಡಿ ನುಂಗ್ತೇನಿ. ಗುಳಿಗಿ ಬಿಟ್ಟಾಗ ತಲ್ಯಾಗ ಎಷ್ಟು ಗದ್ಲ ಇತ್ತಂದ್ರ ನನಗ ಪ್ರಾರ್ಥನಾ ಮಾಡಾಕೂ ಬರ್ತಿದ್ದಿಲ್ಲ. 'ಕರ್ತನೇ' ಅನ್ನೂದ್ರಾಗ ಯಾರೋ ಬೈತಿದ್ರು. ಈಗ ಕುಂತು ಪ್ರಾರ್ಥನಾ ಮಾಡಾಕ ಬರತೈತಿ. ಇಷ್ಟ ನನ್ನ ಸಾಕ್ಷಿ."

ಯಾರೂ ಆಮೆನ್ ಎನ್ನಲಿಲ್ಲ. ಇಂಥ ಸಾಕ್ಷಿಗೆ ಆಮೆನ್ ಎನ್ನಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಸಭೆಯ ಹಿರಿಯರಾದ ಸಾಮುವೇಲ ಮಾಸ್ತರರು ಗೋಡೆ ಹಿಡಿದು ಎದ್ದರು. ಸಭೆಯಲ್ಲಿ ಅವರ ಮಾತಿಗೆ ತೂಕವಿತ್ತು. ಅವರ ಮಗಳು ಎಷ್ಟೋ ದಿನಗಳಿಂದ ಮನೆಯ ಹೊರಗೆ ಕಾಣಿಸಿರಲಿಲ್ಲ. ಓದಲು ಹೋಗಿದ್ದಾಳೆ ಎಂದು ಅವರು ಎಲ್ಲರಿಗೂ ಹೇಳಿದ್ದರು.

"ತಮ್ಮಾ," ಎಂದರು ಮಾಸ್ತರರು. "ಆ ಡಾಕ್ಟರು ಯಾವ ಯಾವ ವಾರ ಇರ್ತಾರಪಾ? ನಮ್ಮ ಹುಡುಗಿನ್ನ ಕರಕೊಂಡು ಹೋಗಬೇಕು."

ಆಗ ಸಭೆ ಆಮೆನ್ ಎಂದಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಗೋಡೆಗೆ ಮುಖ ಮಾಡಿ ಮಲಗಿರಬಹುದು. ಅವರ ನಂಬಿಕೆಯನ್ನು ಅಳೆಯಬೇಡಿ, ಬಾಗಿಲು ಹಾಕಿ ಬಚ್ಚಿಡಬೇಡಿ. ನೀವು ಯಾವ ದೇವರಿಗೇ ಕೈಮುಗಿಯಿರಿ, ಮುಗಿದ ಕೈಯಿಂದಲೇ ಅವರ ಕೈಹಿಡಿದು ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಗುಳಿಗೆಯಿಂದ ತೊಂದರೆಯಾದರೆ ವೈದ್ಯರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಅದೆಲ್ಲಕ್ಕಿಂತ ಮೊದಲು ಅವರ ಪಕ್ಕದಲ್ಲಿ ಕುಳಿತು, "ನಿನಗ ಹೆಂಗ ಅನಸಾಕತ್ತೈತಿ?" ಎಂದು ಕೇಳಿ. ಕೇಳಿ ಸುಮ್ಮನಿರಿ. ಅವರು ಹೇಳುತ್ತಾರೆ.