ಮೂರು ದಾರಿಯ ಗೇಟು

ಬೆವಿಸ್ ಭಾನುವಾರ ನಮ್ಮಮ್ಮನ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳುತ್ತಾರೆ ಎಂದು ನಮ್ಮ ಸೈಕಲ್ ಗುಂಪಿನ ಪ್ರೂ ನನಗೆ ಹೇಳಿದ್ದು ಗುರುವಾರ, ಅಂಚೆ ಕಚೇರಿಯ ಎದುರು.

"ಏನಂತ ಒಪ್ಕೋತಾರೆ?" ಎಂದೆ.

"ಪಿಯರ್ಸ್ ಸತ್ತಿದ್ದು ತನ್ನಿಂದ ಅಂತ. ಕಡೆಯವನು ಬರೋಕೆ ಮುಂಚೆ ಗೇಟು ಮುಚ್ಚಿದ್ದು ತಾನು ಅಂತ. ನಾನು ಬೇಡ ಅಂದೆ ಕಣೇ. ಕೇಳ್ತಾರಾ? ಕತ್ತೆ ಹಠ ಆ ಮನುಷ್ಯಂದು. ನೀನೂ ಸೈಕಲ್ ತಗೊಂಡು ಬಾ ಹೆಸ್ಟರ್. ಮೂರು ಜನ ಗುಡ್ಡದ ಮೇಲಿಂದಾನೇ ಹೋಗೋಣ. ದಾರೀಲಿ ನಿನ್ನ ಮಾತಾದ್ರೂ ಕೇಳಬಹುದು."

ಬರುತ್ತೇನೆ ಎಂದೆ. ಪಿಯರ್ಸ್ ನನ್ನ ಅಣ್ಣ. ಅವನ ಹೆಸರು ಕಿವಿಗೆ ಬಿದ್ದಾಗ ಏನಾದರೂ ಆಗಬೇಕು ಎಂದು ಹನ್ನೊಂದು ತಿಂಗಳಿಂದ ಕಾಯುತ್ತಿದ್ದೇನೆ. ಆಗುವುದಿಲ್ಲ. ಒಳಗೆ ಹೋಗಿ ಅಂಚೆ ಚೀಟಿ ಕೊಂಡೆ. ಚಿಲ್ಲರೆ ಸರಿಯಾಗಿದೆಯೇ ಎಂದು ಕೇಳಿದರು. ಸರಿಯಾಗಿದೆ ಎಂದೆ.

ಗುಡ್ಡದಲ್ಲಿ ಸೈಕಲ್ ತುಳಿಯುವ ನಮ್ಮ ಗುಂಪಿಗೆ ಇರುವುದು ಒಂದೇ ನಿಯಮ. ಇಳಿಜಾರಿನ ತುಂಬ ಕುರಿಗಳಿರುವುದರಿಂದ ದಾರಿಯುದ್ದಕ್ಕೂ ಗೇಟುಗಳಿವೆ. ಮೊದಲು ತಲುಪಿದವರು ಗೇಟು ತೆರೆದು ಹಿಡಿದು ನಿಲ್ಲಬೇಕು. ಮುಂದೆ ಯಾವ ದಾರಿ ಎಂದು ದಾಟುವ ಪ್ರತಿಯೊಬ್ಬರಿಗೂ ಅವರೇ ಹೇಳಬೇಕು. ಎಲ್ಲರಿಗಿಂತ ಹಿಂದೆ ಬಂದವರು "ನಾನೇ ಕೊನೆ" ಎಂದು ಕೂಗುತ್ತಾರೆ. ಆ ಮಾತು ಕೇಳಿದ ಮೇಲೆಯೇ ಗೇಟು ಮುಚ್ಚುವುದು. ಹಿಡಿದವರು ತಲೆ ಎಣಿಸುವುದಿಲ್ಲ. "ಎಣಿಸೋದು ಕುರಿಗಳನ್ನ," ಎನ್ನುತ್ತಿದ್ದರು ಬೆವಿಸ್. ಅವರು ಬೇಲಿ ಹೆಣೆಯುವ ಕೆಲಸದವರು. ಈ ಕಣಿವೆಯ ಅರ್ಧದಷ್ಟು ಗೇಟುಗಳನ್ನು ನೆಟ್ಟವರೂ ಅವರೇ.

ಕಳೆದ ಮಾರ್ಚ್‌ನ ಆ ದಿನ ನಾವು ಹನ್ನೊಂದು ಜನ. ಮಂಜು ಎಷ್ಟಿತ್ತೆಂದರೆ ಮುಂದಿನ ಸೈಕಲ್ಲಿನ ಹಿಂಚಕ್ರ ಮಾತ್ರ ಕಾಣುತ್ತಿತ್ತು. ಹೆಪ್ಪುಗಟ್ಟಿದ್ದ ನೆಲ ಮೇಲೆ ಮೇಲೆ ಕರಗಿತ್ತು. ನಮ್ಮ ಗುಡ್ಡವೆಲ್ಲ ಸೀಮೆಸುಣ್ಣ. ಶಾಲೆಯ ಹಲಗೆಯ ಮೇಲೆ ಬರೆಯುತ್ತಿದ್ದೆವಲ್ಲ, ಅದೇ. ಹೀಗೆ ಕರಗಿದಾಗ ಅದು ಬಿಳಿ ಸಾಬೂನಾಗುತ್ತದೆ. ಗುಡ್ಡದ ನೆತ್ತಿಯ ಗೇಟಿನಾಚೆ ಮೂರು ದಾರಿಗಳು. ನೇರ ಹೋದರೆ ದಿಣ್ಣೆಯ ಮೇಲಿನ ಹಳೇ ಎತ್ತಿನ ಹಾದಿ. ಎಡಕ್ಕೆ ಹಗ್ಗದ ಹಾಗೆ ಕೆಳಗಿಳಿಯುವ ಆಳದ ಓಣಿ. ನಾವು ಯಾವಾಗಲೂ ಇಳಿಯುತ್ತಿದ್ದುದು ಅದರಲ್ಲೇ. ಬಲಕ್ಕೆ ಸುತ್ತು ದಾರಿ. ಆ ದಿನ ಬೆವಿಸ್ ಗೇಟು ಹಿಡಿದು, "ಓಣಿ ಬೇಡ, ಬಲಕ್ಕೆ, ಬಲಕ್ಕೆ," ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು.

ಪಿಯರ್ಸ್ ನನ್ನ ಹಿಂದೆ ಇದ್ದ. ಗೇಟು ಇನ್ನೂರು ಹೆಜ್ಜೆ ಇದೆ ಎನ್ನುವಾಗ ಇಳಿದು, ದಾರಿಯಲ್ಲಿ ಏನೋ ಕಂಡು, ಚಕಮಕಿ ಕಲ್ಲುಗಳ ನಡುವೆ ಬೆರಳು ತೂರಿಸಿ ಕುಕ್ಕರಗಾಲಲ್ಲಿ ಕೂತ. ಕುರುಬರ ಕಿರೀಟ. ಇಲ್ಲಿ ಸಮುದ್ರವಿದ್ದ ಕಾಲದ ಒಂದು ಗುಂಡನೆಯ ಜೀವಿ ಕಲ್ಲಾಗಿ ಸಿಗುತ್ತದೆ, ನೆತ್ತಿಯ ಮೇಲೆ ಐದು ಗೆರೆಯ ನಕ್ಷತ್ರ. ಕಿಟಕಿಯಲ್ಲಿಟ್ಟರೆ ಮನೆಗೆ ಸಿಡಿಲು ಬಡಿಯುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅವನಿಗೆ ನಲವತ್ತಾಗಿತ್ತು, ಅಮ್ಮನ ಮನೆಯ ಕಿಟಕಿಯಲ್ಲಿ ಜಾಗವಿರಲಿಲ್ಲ, ಆದರೂ ಆರಿಸುತ್ತಿದ್ದ.

"ಬಾರೋ," ಎಂದೆ.

"ನೀನು ಹೋಗು. ಬಂದೆ."

ನನ್ನ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಅವನಿಗೆ ಕಾದರೆ ಇನ್ನೂ ಹತ್ತು ನಿಮಿಷ ಎಲ್ಲರೂ ಆ ಗಾಳಿಯಲ್ಲಿ ನಿಲ್ಲಬೇಕು, ಮತ್ತೆ ನಿಮ್ಮಣ್ಣನಾ ಎಂದು ಯಾರೋ ನಗಬೇಕು. ಗೇಟು ದಾಟುವಾಗ ಮುಖ ಮುಚ್ಚಿದ್ದ ಮಫ್ಲರಿನೊಳಗಿಂದ "ನಾನೇ ಕೊನೆ" ಎಂದೆ. ಗೇಟಿಗೆ ಬೀಗವಿಲ್ಲ, ತೆರೆದುಕೊಂಡು ಬರುತ್ತಾನೆ ಎಂದುಕೊಂಡೆ. ಹಿಂದೆ ಅಗುಳಿ ಬಿದ್ದ ಸದ್ದಾಯಿತು.

ಅವನು ತೆರೆದುಕೊಂಡೇ ಬಂದ. ತನ್ನ ಹಿಂದೆ ಮುಚ್ಚಿಯೂ ಇದ್ದ. ದಾರಿ ಹೇಳಲು ಅಲ್ಲಿ ಯಾರೂ ಇರಲಿಲ್ಲ, ಯಾವಾಗಿನಂತೆ ಎಡಕ್ಕೆ ಹೋದ. ನಾವು ನದಿಯ ಪಕ್ಕದ ಪಬ್ಬಿನಲ್ಲಿ ಬೇಕನ್ ತಿನ್ನುತ್ತ, ಅವನು ನೆಟ್ಟಗೆ ಮನೆಗೆ ಹೋಗಿರಬೇಕು ಎಂದುಕೊಂಡೆವು. ಓಣಿಯಲ್ಲಿ ಜಾರಿ ಬಿದ್ದಿದ್ದ ಅವನು ಸಿಕ್ಕಿದ್ದು ಮೂರು ಗಂಟೆಗಳ ನಂತರ.

ಸಾವಿನ ವಿಚಾರಣೆಯಲ್ಲಿ ಅಧಿಕಾರಿ ಎಲ್ಲರನ್ನೂ ಕೇಳಿದರು: ಕೊನೆ ಎಂದವರು ಯಾರು? ತಾವಲ್ಲ ಎಂದರು ಒಬ್ಬೊಬ್ಬರೂ. ನನ್ನ ಸರದಿ ಬಂದಾಗ "ನೆನಪಿಲ್ಲ" ಎಂದೆ. ಆ ಪದ ಬಾಯಿಂದ ಬಹಳ ಸಲೀಸಾಗಿ ಬಂತು. ಬೆವಿಸ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಯಾರೂ ಹೇಳಿರದಿದ್ದರೆ ತಾನೇ ಕೇಳಿದಂತೆ ಭ್ರಮಿಸಿರಬೇಕು ಎಂದು ಅವರು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಅಂದಿನಿಂದ ಅವರು ಸೈಕಲ್ ಮುಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಚರ್ಚಿನ ಗೋಡೆಯ ಹತ್ತಿರ ಸೇರಿದೆವು. ಆಕಾಶ ತೊಳೆದಿಟ್ಟಂತಿತ್ತು. ಬೆವಿಸ್ ಟೋಪಿ ಹಾಕಿ, ಟೈ ಕಟ್ಟಿಕೊಂಡು ಬಂದಿದ್ದರು.

"ಅಯ್ಯೋ ದೇವರೇ," ಎಂದಳು ಪ್ರೂ. "ಮದುವೆಗೆ ಹೊರಟೆಯಾ, ಗುಡ್ಡಕ್ಕೆ ಹೊರಟೆಯಾ?"

"ಹೆಸ್ಟರ್ ಅಮ್ಮನ ಮನೆಗೆ."

"ಆಯಮ್ಮ ನಿನ್ನ ಟೈ ನೋಡ್ತಾಳೆ ಅಂದ್ಕೊಂಡಿದೀಯಾ? ಶೂ ನೋಡ್ತಾಳೆ. ಮತ್ತೆ ಇದೇನಿದು, ನಿನ್ನ ಚೈನು ಹಲ್ಲು ಕಡೀತಿದೆ?"

"ಎಣ್ಣೆ ಹಾಕಿದೀನಿ."

"ಯಾವ ರಾಜನ ಕಾಲದಲ್ಲಿ?"

ಬೆವಿಸ್ ನಗಲಿಲ್ಲ. ನನ್ನತ್ತ ತಿರುಗಿ, "ಚೆನ್ನಾಗಿದೀಯಾ ಮಗೂ?" ಎಂದರು. ಹೂಂ ಎಂದೆ. ಅವರ ಕಣ್ಣು ನನ್ನ ಮುಖದ ಮೇಲೆ ನಿಲ್ಲದೆ ಭುಜದಾಚೆಗೆ ಹೋಯಿತು. ತಪ್ಪು ಮಾಡಿದವರು ನೋಡುವ ರೀತಿ ಅದು. ನಾನು ಅವರನ್ನು ನೆಟ್ಟಗೆ ನೋಡುತ್ತಿದ್ದೆ.

ಏರಿದೆವು. ಬೀಚ್ ಮರಗಳು ಮುಗಿದು ಬೋಳು ಹುಲ್ಲು ಶುರುವಾಯಿತು. ಟೈರಿನಡಿ ಚಕಮಕಿ ಕಲ್ಲುಗಳು ಕಟಕಟ ಎನ್ನುತ್ತಿದ್ದವು. ಮೇಲೆ ಎಲ್ಲೋ ಒಂದು ಬಾನಾಡಿ ಹಾಡುತ್ತಿತ್ತು. ಕೆಳಗೆ ಎಬಲ್ ನದಿ, ಹಸಿರಿನೊಳಗೆ ಒಂದು ಗೆರೆ. ಪ್ರೂ ಉಸಿರು ಸಿಕ್ಕಾಗಲೆಲ್ಲ ಬೆವಿಸ್‌ಗೆ ಬುದ್ಧಿ ಹೇಳುತ್ತಿದ್ದಳು. "ಆ ಮುದುಕಿಗೆ ಈಗ ನಿದ್ದೆ ಬರ್ತಿದೆಯಂತೆ. ನೀನು ಹೋಗಿ ಎಬ್ಬಿಸ್ತೀಯಾ?"

"ಯಾರು ಮುಚ್ಚಿದ್ದು ಅಂತ ಅವರಿಗೆ ಗೊತ್ತಾಗ್ಬೇಕು ಪ್ರೂ. ತಾಯಿ ಅವರು."

"ಗೊತ್ತಾಗಿ?"

"ಬೈಯೋಕೆ ಒಂದು ಮುಖ ಸಿಗುತ್ತೆ."

ಪಿಯರ್ಸ್ ಕುಕ್ಕರಗಾಲಲ್ಲಿ ಕೂತಿದ್ದ ಜಾಗ ದಾಟಿದೆ. ದಾಟಿದ್ದು ಗೊತ್ತಾದದ್ದು ದಾಟಿದ ಮೇಲೆ. ಉಳಿದ ದಾರಿಯ ಹಾಗೇ ಇತ್ತು.

ಬೆವಿಸ್ ಮೊದಲು ತಲುಪಿ ಗೇಟು ತೆರೆದರು. "ಬಲಕ್ಕೆ," ಎಂದರು ಪ್ರೂಗೆ. ಅವಳು ದಾಟಿ ದೂರದ ಮುಳ್ಳುಮರದ ಹತ್ತಿರ ಹೋಗಿ ನಿಂತು ಥರ್ಮಾಸ್ ಬಿಚ್ಚಿದಳು. "ಬಲಕ್ಕೆ," ಎಂದರು ನನಗೆ. ನಾನು ಗೇಟಿನ ಬಾಯಲ್ಲೇ ನಿಂತೆ. ಮುಂದಿನ ಚಕ್ರ ಆ ಕಡೆ, ಹಿಂದಿನದು ಈ ಕಡೆ.

ಅವರು ಕಾದರು. ಮೂರೇ ಜನ, ಎದುರಿಗೇ ಕಾಣುತ್ತಿದ್ದೇನೆ, ಆದರೂ ಆ ಮಾತಿಗೆ ಕಾದರು.

"ಹೇಳು ಮಗೂ. ಗೇಟು ಭಾರ."

"ಆವತ್ತು ಹೇಳಿದ್ದು ನಾನು ಬೆವಿಸ್."

"ಏನನ್ನ?"

"ನಾನೇ ಕೊನೆ ಅಂತ. ಅಣ್ಣ ಹಿಂದೆ ಇದಾನೆ ಅಂತ ಗೊತ್ತಿತ್ತು. ಕಲ್ಲು ಕೀಳ್ತಾ ಕೂತಿದ್ದ. ನನಗೆ ಚಳಿ ಆಗ್ತಿತ್ತು. ಅದಕ್ಕೇ ಹೇಳಿದೆ. ನೀವು ಕೇಳಿಸಿಕೊಂಡೇ ಮುಚ್ಚಿದ್ದು."

ಇಷ್ಟು ದಿನ ಹೊತ್ತಿದ್ದದ್ದು ನಾಲ್ಕೈದು ವಾಕ್ಯದಲ್ಲಿ ಮುಗಿಯಿತು. ದನಿಯೂ ನಡುಗಲಿಲ್ಲ. ಬಸ್ಸಿನ ಸಮಯ ಹೇಳಿದ ಹಾಗಿತ್ತು. ಬೆವಿಸ್ ಈಗ ಮೊದಲ ಸಲ ನನ್ನ ಮುಖ ನೋಡಿದರು. ನೋಡುತ್ತ ನೋಡುತ್ತ ಅವರ ಕಣ್ಣು ತುಂಬಿತು.

"ಪ್ರೂ ಹೇಳಿಕೊಟ್ಟಳಾ?"

"ಇಲ್ಲ."

"ಅಧಿಕಾರಿ ಕೇಳಿದಾಗ ನೆನಪಿಲ್ಲ ಅಂದೆ ನೀನು. ಸುಳ್ಳು ಹೇಳೋ ಹುಡುಗಿ ಅಲ್ಲ ನೀನು, ನನಗೆ ಗೊತ್ತು. ಈಗ ನನಗೋಸ್ಕರ ಹೇಳ್ತಿದೀಯ."

"ನಿಜ ಬೆವಿಸ್."

"ನಿಮ್ಮಣ್ಣನೂ ಹಿಂಗೇ ಇದ್ದ," ಎಂದರು. "ಯಾರದೋ ತಪ್ಪು ಎತ್ತಿ ತನ್ನ ತಲೆ ಮೇಲೆ ಹಾಕ್ಕೊಳ್ಳೋನು. ನಡಿ, ನಡಿ. ನಿಮ್ಮಮ್ಮ ಕಾಯ್ತಿರ್ತಾರೆ."

ಅತ್ತಿದ್ದರೆ ನಂಬುತ್ತಿದ್ದರೇನೋ. ಅಳಲು ನೋಡಿದೆ. ಗಾಳಿಗೆ ಕಣ್ಣು ಒಣಗಿತ್ತು. ಅವರು ಒಂದು ಕೈಯಲ್ಲಿ ಟೈ ಸರಿಮಾಡಿಕೊಳ್ಳುತ್ತಿದ್ದರು, ಇನ್ನೊಂದರಲ್ಲಿ ಗೇಟು.

ಕೊನೆಯ ಮಾತು ಹೇಳದೆಯೇ ಹೊರಟೆ. "ಹೆಸ್ಟರ್!" ಎಂದು ಪ್ರೂ ಲೋಟ ಎತ್ತಿ ಕೂಗಿದಳು. ನಿಲ್ಲಲಿಲ್ಲ. ಬಲದ ದಾರಿ ಗುಡ್ಡದ ಹೊಟ್ಟೆಯನ್ನು ಸುತ್ತಿ ಇಳಿಯುತ್ತದೆ. ಕಡೆಯ ತಿರುವಿನಲ್ಲಿ ಬಿಳಿ ಕೆಸರಿನ ಮೇಲೆ ಹಿಂಚಕ್ರ ಜಾರಿತು. ಕಾಲು ಊರಿ ಎಳೆದುಕೊಂಡು ನಿಭಾಯಿಸಿದೆ. ಭಯವಾಗಲಿಲ್ಲ. ಬೇಗ ತಲುಪಬೇಕಿತ್ತು, ಅಷ್ಟೇ. ನದಿಯ ಸೇತುವೆಯ ತನಕ ಹೋಗದೆ ಸೈಕಲ್ಲನ್ನು ನೀರಿಗೇ ಇಳಿಸಿದೆ. ತಳದ ಒಂದೊಂದು ಕಲ್ಲೂ ಕಾಣುವ ನೀರು, ಮೊಣಕಾಲಿನವರೆಗೆ.

ಅಮ್ಮ ಹಿಂಬಾಗಿಲು ತೆರೆದಳು. ಒಲೆಯ ಮೇಲೆ ಕೆಟಲ್ ಇತ್ತು.

"ಏನೇ ಇದು ವೇಷ! ಅಲ್ಲೇ ನಿಲ್ಲು, ಕಾಲು ಒರೆಸ್ಕೊ. ಬೆವಿಸ್ ಬರ್ತೀನಿ ಅಂತ ಫೋನ್ ಮಾಡಿದ್ರು, ಯಾಕಂತ ಹೇಳ್ಲಿಲ್ಲ. ಹಿಂದೆ ಯಾರಾದ್ರೂ ಇದಾರಾ? ಬಾಗಿಲು ಹಾಕ್ಲಾ?"

"ಇಬ್ರು ಇದಾರೆ. ಹಾಕ್ಬೇಡ."

"ಚಳಿ ಕಣೇ."

"ಅಮ್ಮ, ಅವರು ಬರೋಕೆ ಮುಂಚೆ ಒಂದು ಮಾತು."

ಬೆವಿಸ್‌ಗೆ ಹೇಳಿದ ಅದೇ ವಾಕ್ಯಗಳನ್ನು, ಅದೇ ಕ್ರಮದಲ್ಲಿ ಹೇಳಿದೆ. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದನ್ನೂ, ಬೆವಿಸ್ ನನ್ನನ್ನು ನಂಬದೆ ತಪ್ಪು ತನ್ನದೆಂದು ಹೇಳಲು ಬರುತ್ತಿರುವುದನ್ನೂ ಸೇರಿಸಿದೆ. ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕಾಗಿ ಮಡಿಸಿದಳು. ಕೆಟಲ್ ಕೂಗತೊಡಗಿತು. ಇಬ್ಬರೂ ಅದನ್ನು ಇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಅವಳೇ ಇಳಿಸಿದಳು.

"ಯಾವ ಕಲ್ಲು ಕೀಳ್ತಿದ್ದ?"

ಕಿಟಕಿ ತೋರಿಸಿದೆ. ಆಸ್ಪತ್ರೆಯವರು ಅವನ ಬಟ್ಟೆಗಳ ಜೊತೆ ಚೀಲದಲ್ಲಿ ಹಾಕಿಕೊಟ್ಟಿದ್ದನ್ನು ಅಮ್ಮ ಅಲ್ಲಿನ ಕಲ್ಲುಗಳ ಸಾಲಿನ ತುದಿಯಲ್ಲಿ ಇಟ್ಟಿದ್ದಳು. ಎಲ್ಲಿಯದೆಂದು ಅವಳಿಗೆ ಗೊತ್ತಿರಲಿಲ್ಲ. ಈಗ ತೆಗೆದು ನೋಡಿದಳು. ನಕ್ಷತ್ರದ ಒಂದು ಗೆರೆಯಲ್ಲಿ ಇನ್ನೂ ಬಿಳಿ ಸುಣ್ಣ ಕೂತಿತ್ತು. ಹೆಬ್ಬೆರಳಿನಿಂದ ಅದನ್ನು ಉಜ್ಜಿ, ಹೋಗದಿದ್ದಾಗ, ಇದ್ದಲ್ಲೇ ಇಟ್ಟಳು.

ಒಲೆಯ ಹತ್ತಿರ ನಿಂತಿದ್ದರಿಂದ ನನ್ನ ಬೆರಳುಗಳು ನೋಯತೊಡಗಿದ್ದವು. ಹೊರಗೆ ಚೈನು ಹಲ್ಲು ಕಡಿಯುವ ಸದ್ದು, ಪ್ರೂಳ ದನಿ. ಅಮ್ಮ ನನ್ನ ಕಡೆ ನೋಡಲಿಲ್ಲ. ನಾಲ್ಕು ಕಪ್ಪುಗಳನ್ನು ಇಳಿಸಿ ಮೇಜಿನ ಮೇಲೆ ಇಟ್ಟಳು.

"ನಿಂತ್ಕೋ ಇಲ್ಲೇ," ಎಂದಳು. "ಅವರು ಟೋಪಿ ತೆಗೆಯೋಕೆ ಮುಂಚೆ ಹೇಳು. ನನ್ನೆದುರಿಗೆ ಹೇಳು, ನಂಬ್ತಾರೆ."